ಯಾಕೆ ಇಷ್ಟು ತಡ ಮಾಡಿದಿರಿ ಅಂತ ಕೇಳೋರಿಗೆ

ಪೋಸ್ಟ್ ಸ್ವಲ್ಪ ಉದ್ದ ಇದೆ. ಪಿ.ಟಿ.ಸಿ.ಎಲ್. ಕೇಸು ನಡೀತಿರೋ ಮನೆಯವರು ದಯವಿಟ್ಟು ಕೊನೇ ತನಕ ಓದಿ.

ಹೋದ ತಿಂಗಳು ಎ.ಸಿ. ಕೋರ್ಟಿನ ಹೊರಗೆ ಟೀ ಕುಡೀತಾ ನಿಂತಿದ್ದೆ. ಎದುರು ಪಾರ್ಟಿ ಪರ ಬಂದಿದ್ದ ಹುಡುಗ ವಕೀಲ ಪಕ್ಕಕ್ಕೆ ಬಂದು ಕೇಳಿದ: "ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮೋರು ಮಾರಿ ಮೂವತ್ತು ನಲವತ್ತು ವರ್ಷ ಸುಮ್ನಿದ್ದು ಈಗ ಬಂದು ವಾಪಸ್ ಕೊಡಿ ಅಂದ್ರೆ ಹೆಂಗೆ? ಯಾಕಿಷ್ಟು ತಡ?" ಹುಡುಗ ಕೆಟ್ಟವನಲ್ಲ. ಸುಪ್ರೀಂ ಕೋರ್ಟ್ ಕೇಳಿದ್ದೂ ಇದೇ ಪ್ರಶ್ನೆ. ಅವತ್ತು ನನಗೆ ಸರಿಯಾಗಿ ಉತ್ತರ ಕೊಡಕ್ಕೆ ಆಗಲಿಲ್ಲ. ಟೀ ಲೋಟ ಖಾಲಿ ಆಗೋಷ್ಟರಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಅದು. ಇಲ್ಲಿ ಬರೀತಿದ್ದೀನಿ.

ನಮ್ಮ ಹತ್ತಿರ ಭೂಮಿ ಯಾವಾಗ ಬಂತು ಅನ್ನೋದರಿಂದಲೇ ಶುರು ಮಾಡಬೇಕು. ಮೊದಲು ಇದ್ದದ್ದು ಚಾಕರಿ ಇನಾಮು. ತೋಟಿ, ತಳವಾರ, ನೀರಗಂಟಿ ಅಂತ ಊರಿನ ಕೆಲಸ ಮಾಡೋರಿಗೆ ಒಂದು ತುಂಡು ನೆಲ, ಸುಗ್ಗೀಲಿ ಕಣದ ಹತ್ತಿರ ನಿಂತರೆ ಮೊರದಷ್ಟು ಕಾಳು. ಅದಕ್ಕೆ ಬದಲು ತಮಟೆ ಸಾರಬೇಕು, ಸತ್ತ ದನ ಎಳೀಬೇಕು, ಸಾವಿನ ಸುದ್ದಿ ಹೊತ್ತು ಊರೂರು ಅಲೀಬೇಕು, ಅಮಲ್ದಾರರು ಬಂದರೆ ಗಂಟು ಹೊರಬೇಕು. ಹಗಲು ರಾತ್ರಿ ಅಂತ ಹೊತ್ತು ಗೊತ್ತು ಇಲ್ಲ. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಸಭೆಯಲ್ಲಿ ಮಹಾರ್ ವತನದ ಬಗ್ಗೆ ಮಸೂದೆ ತಂದದ್ದು ಇದಕ್ಕೇನೆ. ಆ ತುಂಡು ನೆಲ ನಮ್ಮನ್ನ ಊರಿಗೆ ಕಟ್ಟಿಹಾಕಿರೋ ಹಗ್ಗ ಅನ್ನೋದನ್ನ ಅವರು ಕಂಡಿದ್ದರು. ಆಗ ಬೆಳಗಾವಿ, ಧಾರವಾಡ, ಬಿಜಾಪುರ ಎಲ್ಲಾ ಮುಂಬೈ ಪ್ರಾಂತ್ಯದ ಒಳಗೇ ಇದ್ದವು, ಹಾಗಾಗಿ ಇದು ದೂರದ ಕತೆಯೇನಲ್ಲ.

ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಗಿದ್ದು 1961ರಲ್ಲಿ, ಜಾರಿಗೆ ಬಂದಿದ್ದು 1963ರಲ್ಲಿ. ಹುದ್ದೆ ಹೋಯ್ತು, ಇನಾಮು ಜಮೀನು ಅದೇ ಮನೆತನಕ್ಕೆ ಮರುಮಂಜೂರು ಆಗಬೇಕು ಅಂತಾಯ್ತು. ಅರ್ಜಿ ಹಾಕಿ ದುಡ್ಡು ಕಟ್ಟಿದವರಿಗೆ ಆಯ್ತು. ದುಡ್ಡು ಇಲ್ಲದೋರ ಪರವಾಗಿ ಊರಿನ ದೊಡ್ಡೋರು ಕಟ್ಟಿದರು. ಯಾಕೆ ಕಟ್ಟಿದರು ಅಂತ ಬಿಡಿಸಿ ಹೇಳೋದು ಬೇಡ ಅಲ್ವಾ.

ಇನ್ನೊಂದು ದಾರಿ ದರಖಾಸ್ತು. ಗೋಮಾಳ, ಖರಾಬು, ಕಲ್ಲು ಬೋರೆಯಲ್ಲಿ ಒಂದೆರಡು ಎಕರೆ ಮಂಜೂರು ಮಾಡಿ ಸಾಗುವಳಿ ಚೀಟಿ ಕೊಡೋರು. ಮಾರಬಾರದು ಅನ್ನೋ ಷರತ್ತು ಚೀಟಿಯಲ್ಲೇ ಇರ್ತಿತ್ತು. ಪುಕ್ಕಟೆ ಕೊಟ್ಟದ್ದೋ ಬೆಲೆ ಕಟ್ಟಿಸಿಕೊಂಡದ್ದೋ, ಯಾವ ವರ್ಷದ ನಿಯಮ ಅನ್ನೋದರ ಮೇಲೆ ಷರತ್ತಿನ ಅವಧಿ ಬೇರೆ ಬೇರೆ. ಕೆಲವಕ್ಕೆ ಶಾಶ್ವತವಾಗಿ ಪರಭಾರೆ ಇಲ್ಲ. 1969ರ ಭೂಮಂಜೂರಾತಿ ನಿಯಮದಲ್ಲಿ 15 ವರ್ಷ. ನಿಮ್ಮ ಚೀಟಿ ಇದ್ದರೆ ಇವತ್ತೇ ತೆಗೆದು ನೋಡಿ.

ನಮ್ಮ ತಾತನಿಗೆ 1962ರಲ್ಲಿ 2 ಎಕರೆ ಮಂಜೂರಾಯ್ತು. ಕಲ್ಲು ಆಯಕ್ಕೇ ಎರಡು ವರ್ಷ ಹಿಡೀತು ಅಂತ ಅಜ್ಜಿ ಹೇಳ್ತಿತ್ತು. ಚೀಟಿ ಕೊಟ್ಟ ಸರ್ಕಾರ ಎತ್ತು ಕೊಡಲಿಲ್ಲ, ಬಿತ್ತನೆ ರಾಗಿ ಕೊಡಲಿಲ್ಲ. ಉಳೋಕೆ ಎತ್ತು ಬೇಕು ಅಂದರೆ ಆ ದೊಡ್ಡ ಮನೆಗೇ ಹೋಗಿ "ಬುದ್ಧೀ" ಅನ್ನಬೇಕು. ಎತ್ತು ಒಂದು ದಿನಕ್ಕೆ ಬಂದರೆ ತಾತ, ಅಜ್ಜಿ ಆ ಮನೇಲಿ ನಾಲ್ಕು ದಿನ ದುಡೀಬೇಕು. ಮುಂಗಾರಲ್ಲಿ ಕಡ ತಂದ ಒಂದು ಪಲ್ಲ ರಾಗಿಗೆ ಸುಗ್ಗೀಲಿ ಒಂದೂವರೆ ಪಲ್ಲ ಅಳೀಬೇಕು. ಸೊಸೈಟಿ ಇತ್ತು, ನಮಗೆ ಷೇರು ಇರಲಿಲ್ಲ. ಬ್ಯಾಂಕು ರಾಷ್ಟ್ರೀಕರಣ ಆಗಿದ್ದು 1969ರಲ್ಲಿ. ನಮ್ಮೂರಿನ ಹತ್ತಿರಕ್ಕೆ ಬ್ಯಾಂಕು ಬರೋಕೆ ಇನ್ನೂ ಎಷ್ಟೋ ವರ್ಷ ಆಯ್ತು.

1972ರ ಬರ ಬಂತು. ಮೊದಲು ಕೈಸಾಲ. ಅದು ತೀರದೆ ಜಮೀನು ಭೋಗ್ಯಕ್ಕೆ. ಆಮೇಲೆ ದೊಡ್ಡತ್ತೆ ಮದುವೆ. ಮರುವರ್ಷ ಭೋಗ್ಯದ ಪತ್ರ ಕ್ರಯಪತ್ರ ಆಯ್ತು, 400 ರೂಪಾಯಿಗೆ. ತಾತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದು ಅವರದೇ ಗಾಡಿಯಲ್ಲಿ. ಹೆಬ್ಬೆಟ್ಟು ಒತ್ತಿದ್ದು ಭೋಗ್ಯ ಮುಂದುವರಿಸೋ ಪತ್ರಕ್ಕೆ ಅಂತ ಸಾಯೋವರೆಗೂ ನಂಬಿತ್ತು. ಇದು ನಮ್ಮ ಮನೆ ಕತೆ. ಯಾವ ಕೇರಿಗೆ ಹೋಗಿ ಕೇಳಿದರೂ ಕೈಸಾಲ, ಭೋಗ್ಯ, ಕ್ರಯ ಅನ್ನೋ ಮೂರು ಮೆಟ್ಟಿಲು ಸಿಗ್ತವೆ. ಮೊತ್ತ ಮಾತ್ರ ಬೇರೆ.

ಅರಸು ಕಾಲ ಬಂತು. ನಾವು ಹೊಗಳೋ ಕಾಲ, ಹೊಗಳಲೇಬೇಕು. 1974ರಲ್ಲಿ ಗೇಣಿ ಪದ್ಧತಿ ಹೋಯ್ತು, 1976ರಲ್ಲಿ ಜೀತ ರದ್ದಾಯ್ತು, ಅದೇ ವರ್ಷ ಋಣಪರಿಹಾರ ಕಾಯ್ದೆ. ಬಡವರ ಕೈಸಾಲ ವಜಾ. ಆದರೆ ಒಂದು ಮಾತು ಹೇಳಲೇಬೇಕು. ಸಾಲ ವಜಾ ಮಾಡಿದ ಸರ್ಕಾರ ಮುಂದಿನ ಸಾಲ ಎಲ್ಲಿ ತರಬೇಕು ಅಂತ ಹೇಳಲಿಲ್ಲ. ನಮ್ಮೂರಲ್ಲಿ ಆಮೇಲೆ ಬರೀ ಬಾಯಿಮಾತಿಗೆ ಯಾರೂ ದುಡ್ಡು ಬಿಚ್ಚಲಿಲ್ಲ, ಪತ್ರ ಬರ್ಕೊಡು ಅನ್ನೋರು ಅಂತ ಅಪ್ಪ ನೆನೆಸ್ಕೊಳ್ತಿದ್ದರು. ಗೇಣಿ ಕಾಯ್ದೆಯಲ್ಲೂ ಭೂಮಿ ಸಿಕ್ಕಿದ್ದು ಗೇಣಿ ಮಾಡೋರಿಗೆ. ನಮ್ಮಲ್ಲಿ ಬಹಳ ಜನ ಗೇಣಿದಾರರೂ ಆಗಿರಲಿಲ್ಲ, ಕೂಲಿಯವರು.

ಆಗ ಬಂದಿದ್ದೇ ಪಿ.ಟಿ.ಸಿ.ಎಲ್. ಕಾಯ್ದೆ 1978ರದ್ದು, ಜಾರಿ 1979ರ ಜನವರಿ 1ರಿಂದ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನ ಷರತ್ತು ಮುರಿದು ಮಾರಿದ್ದರೆ ಆ ಮಾರಾಟವೇ ಇಲ್ಲ, ಹಿಂದೆ ಮಾರಿದ್ದಕ್ಕೂ ಅನ್ವಯ. ಎ.ಸಿ. ಬಿಡಿಸಿ ವಾರಸುದಾರರಿಗೆ ಕೊಡಬೇಕು. ಯಾರೂ ಅರ್ಜಿ ಹಾಕದಿದ್ದರೂ ಅಧಿಕಾರಿ ತಾನಾಗೇ ಕ್ರಮ ತಗೋಬಹುದು. ದೇಶದಲ್ಲಿ ಇಂಥ ಕಾಯ್ದೆಗಳು ಕಡಿಮೆ. ಆದರೂ ಒಂದು ಕಡೆ ಕೈ ಬಿಟ್ಟರು. ‘ಮಂಜೂರಾದ ಜಮೀನು’ ಅನ್ನೋ ವ್ಯಾಖ್ಯೆಯಿಂದ ವಂಶಪಾರಂಪರ್ಯ ಹುದ್ದೆಯ ಇನಾಮನ್ನ ಹೊರಗಿಟ್ಟರು. ಅಂದರೆ ಸತ್ತ ದನ ಎಳೆದು, ತಮಟೆ ಬಾರಿಸಿ ತಲೆತಲಾಂತರದಿಂದ ದುಡಿದು ಉಳಿಸಿಕೊಂಡ ತೋಟಿ, ತಳವಾರಿಕೆ ನೆಲಕ್ಕೆ ಈ ರಕ್ಷಣೆ ಇಲ್ಲ. ಅದಕ್ಕೆ ಹುದ್ದೆ ರದ್ದತಿ ಕಾಯ್ದೆಯದ್ದೇ ಬೇರೆ ಲೆಕ್ಕ. ಇದನ್ನ ಗೊತ್ತಿಲ್ಲದೆ ಪಿ.ಟಿ.ಸಿ.ಎಲ್. ಅಡಿ ಅರ್ಜಿ ಹಾಕಿ ಸೋತವರನ್ನ ನಾನೇ ನೋಡಿದ್ದೀನಿ.

ಕೊಂಡವರು ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನ ಎತ್ತಿಹಿಡೀತು. ಕಾಯ್ದೆ ಬರೋ ಮುಂಚೆಯೇ ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಕ್ಕಾ ಆಗಿದ್ದರೆ ಅದನ್ನ ಮುಟ್ಟೋ ಹಾಗಿಲ್ಲ ಅಂತ ಒಂದು ಕಿಂಡಿಯನ್ನೂ ಇಟ್ಟಿತು.

ಸರಿ, 1984ಕ್ಕೇ ದಾರಿ ತೆರೆದಿತ್ತಲ್ಲ, ನಮ್ಮಪ್ಪ ಅರ್ಜಿ ಹಾಕಿದ್ದು 2009ರಲ್ಲಿ. ಹುಡುಗ ವಕೀಲ ಕೇಳಿದ್ದು ಇದೇ 25 ವರ್ಷದ ಲೆಕ್ಕ.

ಆ ವರ್ಷಗಳಲ್ಲಿ ನಮ್ಮ ಮನೆ ಒಲೆ ಹೆಂಗೆ ಉರೀತಿತ್ತು ಹೇಳ್ತೀನಿ. ಅಪ್ಪ ಕೂಲಿಗೆ ಹೋಗ್ತಿದ್ದದ್ದು ಜಮೀನು ಬರೆಸಿಕೊಂಡ ಅದೇ ಮನೆಗೆ. ತಾತ ಕಲ್ಲು ಆಯ್ದು ಹದ ಮಾಡಿದ ಅದೇ 2 ಎಕರೆಯಲ್ಲಿ ಅವ್ವ ಕಳೆ ಕೀಳ್ತಿತ್ತು, ದಿನಗೂಲಿಗೆ. ಹಾಲಿನ ಡೈರಿಗೆ ಆ ಮನೆಯವರೇ ಅಧ್ಯಕ್ಷರು. ನ್ಯಾಯಬೆಲೆ ಅಂಗಡಿ ಅವರ ತಮ್ಮಂದು. ನಮ್ಮ ಒಂದೇ ಸೀಮೆಹಸು ಮೇಯೋದು ಅವರ ಬದುವಿನಲ್ಲಿ. ನಾನು ಹಾಸ್ಟೆಲಿಗೆ ಸೇರೋವಾಗ ಟ್ರಂಕು ಕೊಳ್ಳೋಕೆ ದುಡ್ಡು ತಂದದ್ದೂ ಅಲ್ಲಿಂದಲೇ. 1990ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಅಣ್ಣಂದಿರು ಕೇರಿಗೆ ಬಂದು ಕಾಯ್ದೆ ವಿವರಿಸಿ ಹೋದರು. ಅವತ್ತು ರಾತ್ರಿ ಅಪ್ಪ ಚೀಟಿ ಹುಡುಕಿದರು. ಬೆಳಗ್ಗೆ ಎದ್ದು ಮಾಮೂಲಿನಂತೆ ಅವರ ಮನೆಗೇ ಕೂಲಿಗೆ ಹೋದರು. "ಅರ್ಜಿ ಹಾಕಿದ ದಿನಾನೇ ಕೂಲಿ ನಿಲ್ತದೆ, ಕೇಸು ಮುಗಿಯೋತನಕ ಏನ್ ತಿನ್ನೋದು ಹೇಳು" ಅಂತ ಅವ್ವನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು. ಆಗ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಈಗ ಆ ಸಿಟ್ಟಿಗೆ ನಾಚಿಕೆ ಆಗುತ್ತೆ.

ಮತ್ತೆ 2009ರಲ್ಲಿ ಏನು ಬದಲಾಯ್ತು? ಕಾಯ್ದೆ ಅದೇ, ಚೀಟಿ ಅದೇ. ಬದಲಾಗಿದ್ದು ಮನೆಗೆ ದುಡ್ಡು ಬರೋ ದಾರಿ. ಅಕ್ಕ ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಹೋದಳು, ತಿಂಗಳಿಗೊಮ್ಮೆ ದುಡ್ಡು ಕಳಿಸ್ತಿದ್ದಳು. 2008ರ ಏಪ್ರಿಲಿಂದ ಉದ್ಯೋಗ ಖಾತ್ರಿ ಎಲ್ಲಾ ಜಿಲ್ಲೆಗೂ ಬಂತು. ಕೆರೆ ಹೂಳು ಎತ್ತೋ ಕೆಲಸಕ್ಕೆ ಅಪ್ಪ, ಅವ್ವ ಇಬ್ಬರೂ ಹೋದರು. ಆ ಮನೆ ಬಾಗಿಲಿಗೆ ಹೋಗದೆ ಕೂಲಿ ಸಿಕ್ಕಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಮರುವರ್ಷ ಅರ್ಜಿ ಬಿತ್ತು. ನಾವು ಅಂದುಕೊಂಡ ಹಾಗೇ ಡೈರಿಯಲ್ಲಿ ನಮ್ಮ ಹಾಲಿಗೆ ‘ಡಿಗ್ರಿ ಇಲ್ಲ’ ಅಂತ ಶುರುವಾಯ್ತು. ಹಸು ಮಾರಿದೆವು. ಆದರೆ ಉಪವಾಸ ಬೀಳಲಿಲ್ಲ. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ರಾಗಿ ಕಡ ತರೋದೂ ನಿಂತಿತು. ಅದೇ ವರ್ಷ ಎ.ಸಿ. ನಮ್ಮ ಪರ ಆದೇಶ ಮಾಡಿದರು. ಎದುರಿನವರು ಡಿ.ಸಿ.ಗೆ ಅಪೀಲು ಹೋದರು.

ಅಷ್ಟರಲ್ಲಿ 2017 ಬಂತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಹೇಳಿಲ್ಲದಿದ್ದರೂ ‘ಸಮಂಜಸ ಅವಧಿ’ಯೊಳಗೆ ಅರ್ಜಿ ಬರಬೇಕು ಅಂದಿತು. ಆಮೇಲೆ ಎ.ಸಿ., ಡಿ.ಸಿ., ಹೈಕೋರ್ಟು ಎಲ್ಲಾ ಕಡೆ ನಮ್ಮವರ ಕೇಸು ಸಾಲುಸಾಲಾಗಿ ವಜಾ. ನಮ್ಮದೂ ಹೋಯ್ತು. ಫ್ರೀಡಂ ಪಾರ್ಕಿನಲ್ಲಿ ಮಳೆ ಬಿಸಿಲು ಅನ್ನದೆ ಧರಣಿ ಕೂತವರಿಂದ 2023ರ ಜುಲೈನಲ್ಲಿ ತಿದ್ದುಪಡಿ ಆಯ್ತು: ಯಾವ ಕಾಲಮಿತಿಯೂ ಇಲ್ಲ, ಬಾಕಿ ಕೇಸುಗಳಿಗೂ ಅನ್ವಯ. ಪಟಾಕಿ ಹೊಡೆದೆವು. 2024ರಲ್ಲಿ ಹೈಕೋರ್ಟಿನ ದ್ವಿಸದಸ್ಯ ಪೀಠ, ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ, ತಿದ್ದುಪಡಿ ಆದರೂ ವಿಳಂಬವನ್ನ ನೋಡಬಹುದು ಅಂದಿತು. ಹುಡುಗ ವಕೀಲ ಕೈಯಲ್ಲಿ ಹಿಡ್ಕೊಂಡಿದ್ದದ್ದು ಅದನ್ನೇ.

ನಮ್ಮ ಕಡೆ ತಪ್ಪೇ ಇಲ್ಲ ಅಂತ ನಾನು ಹೇಳಲ್ಲ. ಬಿಲ್ಡರ್ ಹತ್ತಿರ ದುಡ್ಡು ಇಸ್ಕೊಂಡು ಅರ್ಜಿ ಹಾಕಿ ಆಮೇಲೆ ರಾಜಿ ಆದವರು ಇದ್ದಾರೆ, ಬಿಡಿಸಿಕೊಂಡ ಜಮೀನನ್ನ ಮತ್ತೆ ಮಾರಿದವರೂ ಇದ್ದಾರೆ. ಅವರಿಂದ ನಿಜವಾದ ಕೇಸುಗಳಿಗೆ ಏಟು ಬಿದ್ದಿದೆ. ಮೂರನೇ ನಾಲ್ಕನೇ ಕೈಯಿಂದ ಕೊಂಡ ಒಂದೆಕರೆ ರೈತನ ಕಷ್ಟವೂ ನನಗೆ ಗೊತ್ತು, ಅವರಿಗೆ ಸರ್ಕಾರ ಪರಿಹಾರ ಕೊಡಲಿ. ಬ್ಯಾಂಕಿಗೆ ಅಡಮಾನ ಇಡೋಕೆ ಕಾಯ್ದೆಯಲ್ಲಿ ಅಡ್ಡಿ ಇಲ್ಲದಿದ್ದರೂ ‘ಇದು ಪಿ.ಟಿ.ಸಿ.ಎಲ್. ಜಮೀನು, ಸಾಲ ಆಗಲ್ಲ’ ಅಂತ ವಾಪಸ್ ಕಳಿಸೋದು ಈಗಲೂ ನಡೀತಿದೆ. ಅಲ್ಲಿಂದ ಮತ್ತೆ ಕೈಸಾಲಕ್ಕೇ ಬರಬೇಕು.

ಈಗ ಮಾಡಬೇಕಾದ ಕೆಲಸ ಹೇಳ್ತೀನಿ. ಅರ್ಜಿಯಲ್ಲಿ, ಅಫಿಡವಿಟ್ಟಿನಲ್ಲಿ ‘ನಮಗೆ ಕಾನೂನು ಗೊತ್ತಿರಲಿಲ್ಲ’ ಅಂತ ಒಂದೇ ಸಾಲು ಬರೆದು ಬಿಡ್ತೀವಿ. ಅದು ಸಾಲದು. ಮಾರಿದ ವರ್ಷದಿಂದ ಅರ್ಜಿ ಹಾಕಿದ ವರ್ಷದ ತನಕ ನಿಮ್ಮ ಮನೆಯವರು ಯಾರ ಹೊಲದಲ್ಲಿ ದುಡಿದರು, ಸಾಲ ಯಾರ ಹತ್ತಿರ ಇತ್ತು, ಜೀತಕ್ಕೆ ಇದ್ದವರು ಯಾರು, ಬೇರೆ ಆದಾಯ ಯಾವ ವರ್ಷ ಶುರುವಾಯ್ತು, ಎಲ್ಲಾ ಬರೆಸಿ. ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಗಾರ್ಮೆಂಟ್ಸ್ ಪಿ.ಎಫ್. ಚೀಟಿ ಜೊತೆಗಿಡಿ. ತಡ ಯಾಕಾಯ್ತು ಅನ್ನೋದಕ್ಕೆ ಅವೂ ಸಾಕ್ಷಿ. ತಾಲೂಕು ಆಫೀಸಿನ ರೆಕಾರ್ಡ್ ರೂಮಿನಿಂದ ದರಖಾಸ್ತು ರಿಜಿಸ್ಟರ್, ಸಾಗುವಳಿ ಚೀಟಿ, ಹಳೇ ಕೈಬರಹದ ಪಹಣಿ, ಮ್ಯುಟೇಷನ್ ಇವುಗಳ ದೃಢೀಕೃತ ನಕಲು ಈಗಲೇ ತೆಗೆಸಿಟ್ಟುಕೊಳ್ಳಿ. ಹಳೇ ಕಾಗದ ಗೆದ್ದಲು ತಿಂದು ಹೋಗ್ತಿವೆ. ‘ಕಡತ ಲಭ್ಯವಿಲ್ಲ’ ಅಂತ ಬಾಯಲ್ಲಿ ಹೇಳಿದರೆ ಬಿಡಬೇಡಿ, ಹಿಂಬರಹ ಕೊಡಿ ಅಂತ ಕೇಳಿ.

ನಮ್ಮ ತಾಲೂಕಿನ 3 ಕೇಸು ಮುಂದಿನ ತಿಂಗಳು ವಿಚಾರಣೆಗೆ ಬರ್ತಿವೆ. ಬರೋಕಾದೋರು ಬನ್ನಿ, ಸುಮ್ಮನೆ ಹಿಂದೆ ಕೂತಿದ್ದರೂ ಸಾಕು. ಅಜ್ಜಿ, ಅವ್ವಂದಿರನ್ನೂ ಕರ್ಕೊಂಡು ಬನ್ನಿ. ಯಾವ ವರ್ಷ ಯಾರ ಹೊಲದಲ್ಲಿ ಕಳೆ ಕಿತ್ತಿದ್ದು ಅನ್ನೋದು ಅವರಿಗೇ ಸರಿಯಾಗಿ ನೆನಪಿರೋದು.