ಟ್ಯಾಂಕರ್ ಉರುಳಿದ ಮೇಲಿನ ಮೊದಲ ಅರ್ಧ ಗಂಟೆ

ಕಾರವಾರ, ಅಂಕೋಲೆಯ ಹೆದ್ದಾರಿಯಲ್ಲಿ ಟ್ಯಾಂಕರ್ ಉರುಳಿದರೆ ಮೊದಲು ಓಡಿ ಬರುವವರು ಪಕ್ಕದ ಕೇರಿಯವರು, ಅವರ ಹಿಂದೆ ಪೊಲೀಸರು, ಅಗ್ನಿಶಾಮಕ ದಳದವರು. ಒಳಗೇನಿದೆ, ಎಷ್ಟು ದೂರ ನಿಲ್ಲಬೇಕು, ನೀರು ಹಾಯಿಸಬಹುದೇ ಎಂಬುದು ಅವರಿಗೆ ಆ ಕ್ಷಣದಲ್ಲೇ ತಿಳಿಯಬೇಕು. ಇದನ್ನು ಹೇಳಬಲ್ಲ ತಜ್ಞರ ವ್ಯವಸ್ಥೆ ನಮ್ಮಲ್ಲಿ ಬೆಳೆದದ್ದು ಬಹುಪಾಲು ಸಾವುಗಳ ಬೆನ್ನಿಗೆ.

ಅಮೆರಿಕದಲ್ಲಿ 1971ರಿಂದ, ಬ್ರಿಟನ್ನಿನ ಹಾರ್ವೆಲ್‌ನಲ್ಲಿ 1973ರಿಂದ ರಾಸಾಯನಿಕ ಅವಘಡಗಳಿಗೆ ಹಗಲಿರುಳು ಫೋನಿನಲ್ಲೇ ಸಲಹೆ ಸಿಗುತ್ತಿತ್ತು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಅಲ್ಲಿನ ವೈದ್ಯರು ಮಾತ್ರ ಯಾವ ವಿಷ, ಏನು ಮದ್ದು ಎಂಬ ಸ್ಪಷ್ಟ ಮಾಹಿತಿ ಇಲ್ಲದೆ ಸಾವಿರಾರು ಮಂದಿಯನ್ನು ಆರೈಕೆ ಮಾಡಬೇಕಾಯಿತು. ಆಮೇಲೆ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. 1996ರ ನಿಯಮ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕೆಂದಿತು. ಮೋಟಾರು ವಾಹನ ನಿಯಮದಂತೆ ಟ್ಯಾಂಕರಿನ ಮೇಲೆ ಮಾಹಿತಿ ಫಲಕವೂ ಕಡ್ಡಾಯ: 1075 ಎಂದಿದ್ದರೆ ಅಡುಗೆ ಅನಿಲ, 1017 ಎಂದರೆ ಕ್ಲೋರಿನ್, ಜೊತೆಗೆ ಸಲಹೆ ಕೊಡಬಲ್ಲವರ ಫೋನ್ ನಂಬರ್. ಇಡೀ ವ್ಯವಸ್ಥೆಯಲ್ಲಿ ಜೀವ ಉಳಿಸುವ ಶಕ್ತಿ ಹೆಚ್ಚಿರುವುದು ಈ ಫಲಕಕ್ಕೇ ಎಂದು ನನ್ನ ನಂಬಿಕೆ.

ಕಾರ್ಖಾನೆಯ ಗೋಡೆಯೊಳಗೆ ಪರಿಣತಿಗೆ ಬರವಿಲ್ಲ. ಕಾರವಾರದ ಪಕ್ಕದ ಬಿಣಗಾದ ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾ ತಯಾರಾಗುವಾಗ ಕ್ಲೋರಿನ್ ಕೂಡ ಹುಟ್ಟುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಅದನ್ನು ಹತೋಟಿಯಲ್ಲಿಡುವುದು ಅಲ್ಲಿನವರ ನಿತ್ಯದ ಕೆಲಸ. ಕೈಗಾದ ಅಣುಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣಶೀಲ ಟ್ರಿಟಿಯಂ ಸೇರಿದ್ದು ಬಯಲಾದದ್ದು ಕಾರ್ಮಿಕರ ಮೂತ್ರ ಪರೀಕ್ಷೆಯಿಂದ.

ಕಾಡಿನಲ್ಲಿ ಹಾಗಲ್ಲ, ಅಲ್ಲಿ ಪರಿಣತಿ ದೂರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರದಲ್ಲಿ ಈಗಲೂ ಜೀವ ತೆಗೆಯುತ್ತಿದೆ. ಸತ್ತ ಮಂಗನನ್ನು ಮೊದಲು ಕಾಣುವವರು ಸೊಪ್ಪಿಗೆ, ದರಗಿಗೆ ಹೋದವರು ಅಥವಾ ಅರಣ್ಯ ಸಿಬ್ಬಂದಿ. ಮುಟ್ಟಬೇಡಿ, ಸುತ್ತಲೂ ರೋಗ ಹರಡುವ ಉಣ್ಣೆಗಳಿರುತ್ತವೆ ಎಂಬ ಎಚ್ಚರಿಕೆ ಪ್ರಯೋಗಾಲಯದ ವರದಿಗಿಂತ ಮೊದಲೇ ಅವರಿಗೆ ಮುಟ್ಟಬೇಕು.

ರಸ್ತೆಯ ಕಥೆ ಇನ್ನೂ ಕಠಿಣ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಟ್ಯಾಂಕರ್ ಮಗುಚಿ, ಸೋರಿದ ಅನಿಲ ಮನೆಗಳತ್ತ ಹರಡಿ ಹೊತ್ತಿಕೊಂಡಿತು. ಅಡುಗೆ ಅನಿಲ ಮೇಲೇರುವುದಿಲ್ಲ, ನೆಲ ಹಿಡಿದು ತಗ್ಗಿಗೆ ಇಳಿಯುತ್ತದೆ. ಉರಿಯುವ ಒಲೆಯೊಂದೇ ಸಾಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅನಿಲ ತುಂಬಿದ ಟ್ಯಾಂಕರ್ ಗಂಗಾವಳಿ ನದಿಗೆ ಬಿದ್ದು ಸಗಡಗೇರಿಯತ್ತ ತೇಲಿ ಹೋಯಿತು. ದಡದ ಜನರನ್ನು ತೆರವುಗೊಳಿಸಿ, ತಜ್ಞರ ಉಸ್ತುವಾರಿಯಲ್ಲಿ ನೀರಿನಲ್ಲೇ ಅನಿಲವನ್ನು ಮೆಲ್ಲಗೆ ಹೊರಬಿಡಲಾಯಿತು. ಶಿರೂರಿನಲ್ಲಿ ಹೋದ ಜೀವಗಳ ದುಃಖದ ನಡುವೆ ಈ ಕೆಲಸ ಹೆಚ್ಚು ಸುದ್ದಿಯಾಗಲಿಲ್ಲ. ಇನ್ನೊಂದು ಬರ್ಗಿ ಆಗದಂತೆ ತಡೆದದ್ದು ಅದೇ.

ಮಂಗಳೂರಿನಿಂದ ತಜ್ಞರ ವಾಹನ ಅಂಕೋಲೆ ಮುಟ್ಟಲು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಬೇಕು. ಮಳೆಗಾಲದಲ್ಲಿ ಆ ದಾರಿಯೇ ಮುಚ್ಚಿರಬಹುದು. ಅಣಕು ಕಾರ್ಯಾಚರಣೆಗಳು ಕಾರ್ಖಾನೆಯ ಅಂಗಳದಿಂದ ಅರಬೈಲು ಘಟ್ಟದ ತಿರುವಿಗೆ, ಹೆದ್ದಾರಿ ಬದಿಯ ಗ್ರಾಮ ಪಂಚಾಯಿತಿಗಳಿಗೆ ಬರಬೇಕು. ಹಾಲಕ್ಕಿ ಕೇರಿಯ ಹುಡುಗರಿಗೂ ಹೋಟೆಲಿನವರಿಗೂ ದೂರದಿಂದಲೇ ಟ್ಯಾಂಕರಿನ ಫಲಕದ ಆ ನಾಲ್ಕು ಅಂಕಿ ಓದಿ 112ಕ್ಕೆ ಹೇಳುವುದನ್ನು, ಗಾಳಿಗೆ ಎದುರಾಗಿ ಎತ್ತರದ ಕಡೆ ಸರಿಯುವುದನ್ನು ಕಲಿಸಬೇಕು.