ಚಕ್ರಕ್ಕೆ ಒಡ್ಡಿದ ಕಲ್ಲು

ರೈಲುಹಳಿಯ ಮೇಲೆ ಸಾಗುವ ತಳ್ಳುವ ಟ್ರಾಲಿಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಹುಡುಗನಾಗಿದ್ದಾಗ ನಾನು ಅದನ್ನು ನೋಡಲೆಂದೇ ನಮ್ಮೂರ ಸ್ಟೇಷನ್ನಿನ ಆಚೆ ಕಾದು ನಿಲ್ಲುತ್ತಿದ್ದೆ. ಕೊಡೆಯ ನೆರಳಿನಲ್ಲಿ ಕುಳಿತ ಅಧಿಕಾರಿ. ಹಿಂದೆ, ಹಳಿಯ ಮೇಲೆಯೇ ಬರಿಗಾಲಿನಲ್ಲಿ ಓಡುತ್ತ ತಳ್ಳುವ ಆಳುಗಳು. ಇಳಿಜಾರು ಬಂದೊಡನೆ ಅವರೂ ಹಾರಿ ಕುಳಿತುಬಿಡುವರು. ನನಗದು ಆಟವಾಗಿ ತೋರುತ್ತಿತ್ತು. ಹಳಿಯ ಮೇಲೆ ದುಡಿಯುವವನಿಗೆ ಇಳಿಜಾರೆಂಬುದು ಆಟವಲ್ಲವೆಂದು ತಿಳಿದದ್ದು ಬಹುಕಾಲದ ಮೇಲೆ, ಎರಡು ದುರಂತಗಳ ವೃತ್ತಾಂತವನ್ನು ಓದಿದಾಗ.

ಮೊದಲನೆಯದು 1889ರ ಜೂನ್ 12ರದು. ಐರ್ಲೆಂಡಿನ ಅರ್ಮಾ ಪಟ್ಟಣದಿಂದ ಭಾನುವಾರದ ಶಾಲೆಯ ಮಕ್ಕಳೂ ಹಿರಿಯರೂ ಕಡಲ ತೀರಕ್ಕೆ ವಿಹಾರ ಹೊರಟಿದ್ದರು. ಭಾರವಾದ ಗಾಡಿ ಏರನ್ನು ಹತ್ತಲಾರದೆ ನಿಂತಿತು. ಅದನ್ನು ಎರಡಾಗಿ ಬಿಡಿಸಿ, ಮುಂದಿನ ಭಾಗವನ್ನು ಮೊದಲು ಸಾಗಿಸುವುದೆಂದು ನಿಶ್ಚಯಿಸಿದರು. ಅದರ ಬ್ರೇಕು ಎಂಜಿನ್ನಿನೊಡನೆ ಕೂಡಿರುವವರೆಗೆ ಮಾತ್ರ ಹಿಡಿಯುವಂಥದು. ಕೊಂಡಿ ಕಳಚಿದರೆ ಬಿಟ್ಟುಕೊಳ್ಳುವಂಥದು. ಆದುದರಿಂದ ಹಿಂದಿನ ಡಬ್ಬಿಗಳ ಚಕ್ರಕ್ಕೆ ಕಲ್ಲುಗಳನ್ನು ಒಡ್ಡಿದರು. ಕಲ್ಲು ನಿಲ್ಲಲಿಲ್ಲ. ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ಗಾಡಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು, ಕೊಂಡಿ ಕಡಿದರೆ ತಾನಾಗಿಯೇ ಹಿಡಿಯುವ ಬ್ರೇಕನ್ನು ಪ್ರಯಾಣಿಕರ ಗಾಡಿಗಳಿಗೆ ಕಡ್ಡಾಯ ಮಾಡಿತು. ಕೆಟ್ಟರೆ ನಿಲ್ಲಬೇಕು, ಓಡಬಾರದು ಎಂಬ ತತ್ತ್ವ ಹೀಗೆ ಶಾಸನವಾಯಿತು.

ಎರಡನೆಯದು ನಡೆದದ್ದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಲಂಡನ್ನಿನಿಂದ ಗ್ಲಾಸ್ಗೋಗೆ ಹೋಗುವ ಮಾರ್ಗದಲ್ಲಿ ಶ್ಯಾಪ್ ಎಂಬ ಏರು ಇದೆ. 75 ಅಡಿ ಸಾಗಿದರೆ ಒಂದಡಿ ಏರುವ ದಾರಿ. ಉಗಿ ಎಂಜಿನ್ನುಗಳ ಕಾಲದಲ್ಲಿ ತಪ್ಪಲಿನ ಟೀಬೇ ಎಂಬಲ್ಲಿ ಇನ್ನೊಂದು ಎಂಜಿನ್ನು ಬಂದು ಗಾಡಿಗಳನ್ನು ಹಿಂದಿನಿಂದ ನೂಕಿ ಹತ್ತಿಸುತ್ತಿತ್ತು. 2004ರ ಫೆಬ್ರವರಿ 15ರ ಬೆಳಗಿನ ಜಾವ, ಮೇಲೆ ಸ್ಕೌಟ್ ಗ್ರೀನ್ ಎಂಬಲ್ಲಿ, ದುರಸ್ತಿ ಕೆಲಸದ ಚಪ್ಪಟೆ ಗಾಡಿಯೊಂದರ ಮೇಲೆ ಸುಮಾರು 16 ಟನ್ ಉಕ್ಕಿನ ಹಳಿಗಳಿದ್ದವು. ಅದರ ಬ್ರೇಕು ಕೆಲಸ ಮಾಡುತ್ತಿರಲಿಲ್ಲ. ಚಕ್ರಕ್ಕೆ ಒಡ್ಡಿದ್ದು ಮರದ ತುಂಡುಗಳು! ಗಾಡಿ ಕತ್ತಲಲ್ಲಿ ದೀಪವಿಲ್ಲದೆ, ಚಾಲಕನಿಲ್ಲದೆ ಕೆಲವು ಮೈಲಿ ಉರುಳಿ, ಕೆಳಗೆ ಟೀಬೇಯಲ್ಲಿ ಹಳಿ ದುರಸ್ತಿ ಮಾಡುತ್ತಿದ್ದ ಇನ್ನೊಂದು ತಂಡದ ಮೇಲೆ ಹರಿಯಿತು. ನಾಲ್ವರು ಸತ್ತರು.

2006ರಲ್ಲಿ ನ್ಯೂಕ್ಯಾಸಲ್ ನ್ಯಾಯಾಲಯದಲ್ಲಿ ತೀರ್ಪಾಯಿತು. ಬ್ರೇಕು ಸವೆದು ಕೆಟ್ಟದ್ದಲ್ಲ, ದುರಸ್ತಿಯ ಖರ್ಚನ್ನು ಉಳಿಸಲು ಬೇಕೆಂದೇ ನಿಷ್ಕ್ರಿಯಗೊಳಿಸಿದ್ದು ಎಂದು ಸಿದ್ಧವಾಯಿತು. ಗಾಡಿಯ ಮಾಲೀಕನಿಗೆ 9 ವರ್ಷ ಸೆರೆ. ಮೇಲ್ಮನವಿಯಲ್ಲಿ ಅದು 7ಕ್ಕೆ ಇಳಿಯಿತು. ಕ್ರೇನು ನಡೆಸುತ್ತಿದ್ದವನಿಗೆ 2 ವರ್ಷ.

ಅರ್ಮಾದ ಕಲ್ಲಿಗೂ ಟೀಬೇಯ ಮರಕ್ಕೂ ಒಂದು ಅಂತರವಿದೆ. ಅರ್ಮಾದಲ್ಲಿ ತಕ್ಕ ಬ್ರೇಕು ಇರಲಿಲ್ಲ. ಟೀಬೇಯಲ್ಲಿ ಇದ್ದುದನ್ನು ಕೆಡಿಸಿದರು. ವಿದ್ಯೆ ಬೆಳೆದಿತ್ತು, ವಿವೇಕ ಬೆಳೆದಿರಲಿಲ್ಲ.

ನಮ್ಮ ಗ್ಯಾಂಗ್‌ಮನ್‌ಗಳು ಹಳಿ ಬಿಚ್ಚುವಾಗ ಕೆಂಪು ಬಾವುಟ ಕಟ್ಟುತ್ತಾರೆ. ಬ್ರಾಡ್‌ಗೇಜಿನಲ್ಲಿ 1200 ಮೀಟರಿಗೆ ಮೂರು ಪಟಾಕಿಗಳನ್ನು ಹಳಿಗೆ ಕಟ್ಟುತ್ತಾರೆ. ಅದು ಚಾಲಕನಿರುವ ಗಾಡಿಗೆ ಹೇಳುವ ಮಾತು. ತಾನಾಗಿ ಉರುಳಿ ಬರುವ ಗಾಡಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಅದನ್ನು ತಡೆಯುವ ಶಕ್ತಿ ಅದರೊಳಗೇ ಇರಬೇಕು. ಅದು ತಪ್ಪಿದರೆ ದುಡಿಯುವವರಿಗೂ ಇಳಿಜಾರಿಗೂ ನಡುವೆ ಎರಡನೆಯ ತಡೆಯೊಂದು ಇರಬೇಕು. ಟೀಬೇಯ ನಂತರ ಅಲ್ಲಿನ ಕಾರ್ಮಿಕ ಸಂಘ ಕೇಳಿದ್ದು ಇದನ್ನೇ.

ರಾತ್ರಿಯ ರೈಲಿನಲ್ಲಿ ನಾವು ನಿಶ್ಚಿಂತೆಯಿಂದ ನಿದ್ರಿಸುವುದು ಹಳಿಯನ್ನು ಕಾಯುವ ಯಾರೋ ಎಚ್ಚರವಾಗಿರುವುದರಿಂದ. ಆ ಎಚ್ಚರವಾಗಿರುವವನನ್ನು ಕಾಯುವವರು ಯಾರು? ಚಕ್ರದ ಕೆಳಗಿನ ಒಂದು ಮರದ ತುಂಡು ಎಂಬುದು ಅದಕ್ಕೆ ಉತ್ತರವಾಗಬಾರದು.

(ಬಾನುಲಿ ಭಾಷಣ)