ಕಾಲೇಜಿಗೂ ತರಗತಿಗೂ ನಡುವಿನ ದಾರಿ

ಶಿಕ್ಷಕರಾಗಬೇಕಾದರೆ ಮೊದಲು ಶಿಕ್ಷಕರ ಕಾಲೇಜಿಗೆ ಹೋಗಬೇಕು ಎಂಬುದು ಇಂದು ಪ್ರಶ್ನಾತೀತವಾದ ಮಾತು. ಆದರೆ ಭಾರತದಲ್ಲಿ ಈ ಕಲ್ಪನೆ ಸರ್ಕಾರದ ನೀತಿಯಾಗಿ ರೂಪುಗೊಂಡು ಸುಮಾರು ನೂರ ಎಪ್ಪತ್ತು ವರ್ಷಗಳಷ್ಟೇ ಆಗಿವೆ. ಅದಕ್ಕೂ ಮೊದಲು ಪಾಠ ಹೇಳುವ ವಿದ್ಯೆಯನ್ನು ಕಲಿಯುತ್ತಿದ್ದುದು ಪಾಠ ನಡೆಯುತ್ತಿದ್ದ ಜಾಗದಲ್ಲಿಯೇ. ನಮ್ಮ ಕೂಲಿಮಠಗಳಲ್ಲಿ ಐಗಳು ದೊಡ್ಡ ಹುಡುಗರಿಗೆ ಹೇಳಿಕೊಟ್ಟರೆ, ದೊಡ್ಡ ಹುಡುಗರು ಚಿಕ್ಕವರ ಕೈಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ತಮಿಳುನಾಡಿನ ಜಗಲಿ ಶಾಲೆಗಳಲ್ಲಿಯೂ ಇದೇ ಕ್ರಮವಿತ್ತು.

ಈ ಕ್ರಮ ಒಮ್ಮೆ ಕಡಲು ದಾಟಿ ಇಂಗ್ಲೆಂಡಿಗೂ ಹೋಯಿತು. 1789ರಲ್ಲಿ ಮದರಾಸಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಅದನ್ನೇ ಮಾಡಲು ಹೊರಟ. ವಯಸ್ಕ ಶಿಕ್ಷಕರು ಒಪ್ಪದಿದ್ದಾಗ, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೆ ಆ ಕೆಲಸ ವಹಿಸಿದ. ಪ್ರಯೋಗ ಫಲಿಸಿತು. 1797ರಲ್ಲಿ ಲಂಡನ್ನಿನಲ್ಲಿ ಬೆಲ್ ಪ್ರಕಟಿಸಿದ ಕಿರುಪುಸ್ತಕದಿಂದ ‘ಮದರಾಸ್ ಪದ್ಧತಿ’ ಹೆಸರಾಯಿತು. ಅಗ್ಗವಾಗಿ ನೂರಾರು ಮಕ್ಕಳಿಗೆ ಓದು ಬರಹ ಕಲಿಸಬಲ್ಲ ವಿಧಾನವೆಂದು ಇಂಗ್ಲೆಂಡ್ ಅದನ್ನು ಅಪ್ಪಿಕೊಂಡಿತು. ಆದರೆ ಅದರ ಮಿತಿ ಬೇಗನೆ ಬಯಲಾಯಿತು. ತನಗೆ ನಿನ್ನೆ ಹೇಳಿಕೊಟ್ಟದ್ದನ್ನು ಇಂದು ಒಪ್ಪಿಸುವ ಬಾಲಕ ಬಾಯಿಪಾಠ ಮಾಡಿಸಬಲ್ಲನೇ ಹೊರತು, ಪಕ್ಕದ ಹುಡುಗನಿಗೆ ಏಕೆ ಅರ್ಥವಾಗಲಿಲ್ಲ ಎಂಬುದನ್ನು ಹೇಳಲಾರ. ಈ ಕೊರತೆಯನ್ನು ತುಂಬಲೆಂದೇ 1846ರಲ್ಲಿ ಅಲ್ಲಿ ಹೊಸ ವ್ಯವಸ್ಥೆ ಬಂತು. ಹದಿಮೂರು ವರ್ಷ ತುಂಬಿದ ಹುಡುಗರು, ಹುಡುಗಿಯರು ಐದು ವರ್ಷ ಒಬ್ಬ ಅನುಭವಿ ಶಿಕ್ಷಕರ ಕೈಕೆಳಗೆ ಶಾಲೆಯಲ್ಲಿಯೇ ಕೆಲಸ ಕಲಿತು, ಅನಂತರ ತರಬೇತಿ ಕಾಲೇಜಿಗೆ ಹೋಗಬಹುದಾಗಿತ್ತು. ಮೊದಲು ತರಗತಿ, ಆಮೇಲೆ ಕಾಲೇಜು.

1854ರ ವುಡ್ ಅವರ ಶಿಕ್ಷಣ ನಿರೂಪವು ಭಾರತದ ಪ್ರತಿ ಪ್ರಾಂತದಲ್ಲಿಯೂ ಶಿಕ್ಷಕರ ತರಬೇತಿ ಶಾಲೆಗಳು ಬೇಕೆಂದಾಗ ಅದರ ಮುಂದಿದ್ದ ಮಾದರಿ ಇದೇ. ಎರಡು ವರ್ಷಗಳಲ್ಲಿ, 1856ರಲ್ಲಿ, ಮದರಾಸಿನಲ್ಲಿ ಸರ್ಕಾರಿ ನಾರ್ಮಲ್ ಶಾಲೆ ಆರಂಭವಾಯಿತು. ಅದೇ ಮುಂದೆ ಸೈದಾಪೇಟೆಯ ಪ್ರಸಿದ್ಧ ಟೀಚರ್ಸ್ ಕಾಲೇಜಾಗಿ ಬೆಳೆಯಿತು. ಸರ್ವಪಲ್ಲಿ ರಾಧಾಕೃಷ್ಣನ್ ಅವರೂ ಶಿಕ್ಷಕ ವೃತ್ತಿಯ ಆರಂಭದಲ್ಲಿ ತರಬೇತಿಗೆಂದು ಅಲ್ಲಿಗೆ ಹೋದವರೇ. ಹೀಗೆ ಸಂಸ್ಥೆಗಳು ಬಂದವು. ಆದರೆ ವರ್ಷಗಟ್ಟಲೆ ಅನುಭವಿ ಶಿಕ್ಷಕರ ಪಕ್ಕದಲ್ಲಿ ನಿಂತು ಕಲಿಯುವ ಭಾಗ ನಮ್ಮಲ್ಲಿ ಬೇರೂರಲಿಲ್ಲ. ಕಾಲೇಜು ಉಳಿಯಿತು, ಅದಕ್ಕೆ ದಾರಿಯಾಗಬೇಕಿದ್ದ ತರಗತಿ ಹಿಂದೆ ಸರಿಯಿತು.

ಅಂದಿನಿಂದ ಇಂದಿನವರೆಗಿನ ಆಯೋಗಗಳ ವರದಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದರೆ, ಒಂದೇ ದೂರು ಮತ್ತೆ ಮತ್ತೆ ಕೇಳಿಸುತ್ತದೆ. 1882ರ ಹಂಟರ್ ಆಯೋಗವು ಶಿಕ್ಷಕರಾಗುವವರಿಗೆ ಬೋಧನೆಯ ತತ್ತ್ವ ಮತ್ತು ಪ್ರಯೋಗ ಎರಡರಲ್ಲೂ ಪರೀಕ್ಷೆ ಇರಬೇಕೆಂದಿತು. 1904ರಲ್ಲಿ ಕರ್ಜನ್ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯವಂತೂ ಸಮಸ್ಯೆಯ ಮೂಲಕ್ಕೇ ಕೈಯಿಟ್ಟಿತು. ಪ್ರತಿ ತರಬೇತಿ ಕಾಲೇಜಿಗೂ ಅಭ್ಯಾಸದ ಶಾಲೆಯೊಂದು ಅಂಟಿಕೊಂಡಿರಬೇಕು, ಕಾಲೇಜಿಗೂ ಶಾಲೆಗೂ ಸಂಬಂಧ ತಪ್ಪಬಾರದು, ಇಲ್ಲದಿದ್ದರೆ ಹೊಸ ಶಿಕ್ಷಕರು ಕಲಿತ ವಿಧಾನಗಳನ್ನು ಕೈಬಿಟ್ಟು ಹಳೆಯ ಜಾಡಿಗೇ ಮರಳುತ್ತಾರೆ ಎಂಬುದು ಅದರ ಆತಂಕವಾಗಿತ್ತು. ಅರವತ್ತು ವರ್ಷಗಳ ಬಳಿಕ ಕೊಠಾರಿ ಆಯೋಗ (1964–66) ಕಂಡದ್ದೂ ಇದನ್ನೇ. ಶಿಕ್ಷಕರ ಕಾಲೇಜುಗಳು ವಿಶ್ವವಿದ್ಯಾಲಯಗಳಿಂದ ದೂರ, ಶಾಲೆಗಳಿಂದ ದೂರ, ಪರಸ್ಪರವೂ ದೂರ ಎಂದು ಅದು ಮೂರು ಬಗೆಯ ಪ್ರತ್ಯೇಕತೆಯನ್ನು ಗುರುತಿಸಿತು. 2012ರಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ ವರದಿ ಸಲ್ಲಿಸುವ ಹೊತ್ತಿಗೆ ಈ ದೂರ ಇನ್ನಷ್ಟು ಹೆಚ್ಚಿತ್ತು. ಬೇರೆ ಯಾವ ವಿದ್ಯಾಸಂಸ್ಥೆಯ ನಂಟೂ ಇಲ್ಲದೆ ಒಂಟಿಯಾಗಿ ನಿಂತ ಖಾಸಗಿ ಕಾಲೇಜುಗಳೇ ದೇಶದ ಶಿಕ್ಷಕರಲ್ಲಿ ಬಹುಪಾಲು ಜನರನ್ನು ತಯಾರಿಸುತ್ತಿದ್ದವು. ಆ ಆಯೋಗದ ಹುಟ್ಟಿಗೆ ಕಾರಣವಾದದ್ದೂ ಮಹಾರಾಷ್ಟ್ರದ ಡಿ.ಎಡ್. ಕಾಲೇಜುಗಳ ಮಾನ್ಯತೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ವ್ಯಾಜ್ಯವೇ.

ದೂರು ಒಂದೇ ಆದರೂ ಪರಿಹಾರಗಳು ಮಾತ್ರ ಬೇರೆ ಕಡೆಗೆ ಹರಿದವು. ಮೊದಲನೆಯದು ಅವಧಿ. ಪದವೀಧರರಿಗೆ ಒಂದು ವರ್ಷದ ತರಬೇತಿಯನ್ನು ಮುಂದೆ ಎರಡು ವರ್ಷಗಳಿಗೆ ವಿಸ್ತರಿಸಬೇಕೆಂಬ ಆಶಯ 1952–53ರ ಮುದಲಿಯಾರ್ ಆಯೋಗದ್ದು. ಬಿ.ಎಡ್. ದೇಶದಾದ್ಯಂತ ಎರಡು ವರ್ಷವಾದದ್ದು 2015ರಲ್ಲಿ. ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷಗಳ ಸಮಗ್ರ ಪದವಿಯತ್ತ ಹೊರಟಿದೆ. ಇದೂ ಹೊಸದಲ್ಲ. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ನಮ್ಮ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ನಾಲ್ಕು ವರ್ಷಗಳ ಪದವಿಯನ್ನು, ಆವರಣದೊಳಗೇ ಇರುವ ಪ್ರಾಯೋಗಿಕ ಶಾಲೆಯೊಂದಿಗೆ, ನಡೆಸಿ ತೋರಿಸಿದ್ದವು. ಆದರೆ ಅಂಥ ಕಾಲೇಜುಗಳು ಬೆರಳೆಣಿಕೆಯಷ್ಟಾಗಿಯೇ ಉಳಿದವು.

ಎರಡನೆಯದು ಪರೀಕ್ಷೆ. ಕಡ್ಡಾಯ ಶಿಕ್ಷಣದ ಕಾಯ್ದೆಯ ಬೆನ್ನಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಬಂತು. ಕೇಂದ್ರದ ಪರೀಕ್ಷೆ ಮೊದಲು ನಡೆದದ್ದು 2011ರಲ್ಲಿ. ಮರುವರ್ಷ ನಡೆದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕಾಲೇಜು ಅರ್ಹರೆಂದು ಪ್ರಮಾಣಪತ್ರ ಕೊಟ್ಟವರನ್ನು ಪರೀಕ್ಷೆ ಅನರ್ಹರೆಂದಿತು. ಆದರೆ ಆ ಪರೀಕ್ಷೆಯೂ ಬಹು ಆಯ್ಕೆಯ ಪ್ರಶ್ನೆಪತ್ರಿಕೆಯೇ. ನಲವತ್ತು ಮಕ್ಕಳ ಮುಂದೆ ನಿಂತಾಗ ಏನಾಗುತ್ತದೆ ಎಂಬುದು ಅದರ ಅಳವಿಗೆ ಸಿಗದು.

ತರಗತಿಯ ಅಭ್ಯಾಸವೆಂಬ ಭಾಗವೂ ಕಾಲೇಜಿನೊಳಗೆ ಒಂದು ವಿಧಿಯಾಗಿ ಹೆಪ್ಪುಗಟ್ಟಿತು. ಜರ್ಮನಿಯ ಹರ್ಬಾರ್ಟನ ಅನುಯಾಯಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಪಾಠದ ಹಂತಗಳು ನಮ್ಮ ಪಾಠಯೋಜನೆಯ ಪುಸ್ತಕಗಳಲ್ಲಿ ದಶಕಗಳ ಕಾಲ ಗೆರೆ ಎಳೆದ ಕಲಮುಗಳಾಗಿ ಉಳಿದವು. 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೂಕ್ಷ್ಮಬೋಧನೆ ಇಲ್ಲಿಗೆ ಬಂದಾಗ, ಸಹಪಾಠಿಗಳೇ ಮಕ್ಕಳಂತೆ ಕುಳಿತು, ಐದಾರು ನಿಮಿಷದ ಪಾಠಕ್ಕೆ ನಿರೀಕ್ಷಿತ ಉತ್ತರವನ್ನೇ ಕೊಡುವುದು ರೂಢಿಯಾಯಿತು. ನಿಜವಾದ ಮಗು ನಿರೀಕ್ಷಿತ ಉತ್ತರ ಕೊಡುವುದಿಲ್ಲ.

ಒಂದು ಉದಾಹರಣೆ ನೋಡೋಣ. ಮೂರನೆಯ ತರಗತಿಯ ಮಗು ನಲವತ್ತೆರಡರಲ್ಲಿ ಹದಿನೇಳು ಕಳೆದು ಮೂವತ್ತೈದು ಎಂದು ಬರೆಯುತ್ತದೆ. ಹೊಸ ಶಿಕ್ಷಕಿ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, ಮತ್ತೊಮ್ಮೆ ಮಾಡು ಎನ್ನುತ್ತಾಳೆ. ಪಳಗಿದ ಶಿಕ್ಷಕಿಗೆ ಆ ಮೂವತ್ತೈದರ ಹಿಂದಿನ ತರ್ಕ ಕಾಣುತ್ತದೆ. ಎರಡರಲ್ಲಿ ಏಳು ಹೋಗದು, ಆದ್ದರಿಂದ ಮಗು ಏಳರಲ್ಲಿ ಎರಡನ್ನು ಕಳೆದಿದೆ. ಅದಕ್ಕೆ ತಿಳಿಯದಿರುವುದು ಕಳೆಯುವುದಲ್ಲ, ಹತ್ತನ್ನು ಬಿಡಿಸಿಕೊಳ್ಳುವುದು. ಗಣಿತ ಗೊತ್ತಿರುವುದು ಬೇರೆ, ಬೋಧನಾ ವಿಧಾನ ಗೊತ್ತಿರುವುದು ಬೇರೆ, ಈ ಗಣಿತದಲ್ಲಿ ಮಗು ಎಲ್ಲಿ ಎಡವುತ್ತದೆ ಎಂಬುದು ಗೊತ್ತಿರುವುದು ಇನ್ನೂ ಬೇರೆ. ಅಮೆರಿಕದ ವಿದ್ವಾಂಸ ಲೀ ಶುಲ್ಮನ್ 1980ರ ದಶಕದಲ್ಲಿ ಶಿಕ್ಷಕರ ವಿಶೇಷ ಜ್ಞಾನವೆಂದು ಪ್ರತ್ಯೇಕಿಸಿ ತೋರಿಸಿದ್ದು ಇದನ್ನೇ. ಈ ಜ್ಞಾನದ ಬೀಜ ಕಾಲೇಜಿನಲ್ಲಿ ಬೀಳಬಹುದು, ಆದರೆ ಅದು ಮೊಳೆಯುವುದು ಮಗುವಿನ ಪಾಟಿಯ ಮುಂದೆ, ಅದನ್ನು ಓದಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದಾಗ.

ಹಾಗೆಂದು ಕಾಲೇಜುಗಳನ್ನು ಮುಚ್ಚಿ ಕೂಲಿಮಠಕ್ಕೆ ಮರಳೋಣ ಎಂಬುದು ಈ ಚರಿತ್ರೆಯ ಪಾಠವಲ್ಲ. ಬರಿಯ ಅನುಕರಣೆಯಿಂದ ಕಲಿತವರು ಗುರುವಿನ ವಿಧಾನದೊಡನೆ ಗುರುವಿನ ಬೆತ್ತವನ್ನೂ ಪಡೆಯುತ್ತಾರೆ. ಏಕೆ ಎಂದು ಕೇಳುವ ಅಭ್ಯಾಸವನ್ನು ಕೊಡಬೇಕಾದದ್ದು ಕಾಲೇಜೇ. ಕೊರತೆಯಿರುವುದು ಕಾಲೇಜು ಮುಗಿದ ಮರುದಿನದಲ್ಲಿ. ವೈದ್ಯ ಪದವೀಧರರಿಗೆ ಹಿರಿಯರ ಕಣ್ಣಳವಿನಲ್ಲಿ ಒಂದು ವರ್ಷದ ಗೃಹವೈದ್ಯ ಸೇವೆ ಉಂಟು. ಹೊಸ ವಕೀಲರು ಹಿರಿಯ ವಕೀಲರ ಕಚೇರಿಯಲ್ಲಿ ಪಳಗುತ್ತಾರೆ. ಜಿಲ್ಲಾಧಿಕಾರಿಯಾಗಬೇಕಾದವರನ್ನೂ ಮೊದಲು ಜಿಲ್ಲೆಯೊಂದರಲ್ಲಿ ತರಬೇತಿಗೆ ಕಳುಹಿಸುತ್ತಾರೆ. ಹೊಸ ಶಿಕ್ಷಕರಿಗೆ ಮಾತ್ರ ಮೊದಲ ದಿನವೇ ಹಾಜರಿ ಪುಸ್ತಕ, ಸೀಮೆಸುಣ್ಣ, ಪೂರ್ಣ ವೇಳಾಪಟ್ಟಿ. ಹಲವು ಶಾಲೆಗಳಲ್ಲಿ ಬೇರೆಯವರಿಗೆ ಬೇಡವಾದ ತರಗತಿಯೇ ಅವರ ಪಾಲಿಗೆ ಬರುತ್ತದೆ.

ಎರಡು ವರ್ಷದ ಬಿ.ಎಡ್.ನಲ್ಲಿ ಇಪ್ಪತ್ತು ವಾರಗಳು ಶಾಲೆಯ ಅನುಭವಕ್ಕೆ ಮೀಸಲಾಗಿರುವುದು ಸರಿಯಾದ ಹೆಜ್ಜೆ. ಆದರೆ ಆ ಶಾಲೆಗೆ ಇದರಲ್ಲಿ ಪಾಲೇನು? ಮಾರ್ಗದರ್ಶನ ಮಾಡಬೇಕಾದ ಹಿರಿಯ ಶಿಕ್ಷಕರಿಗೆ ಸಮಯದ ಬಿಡುವಾಗಲಿ, ಅದಕ್ಕೆ ತಕ್ಕ ಮನ್ನಣೆಯಾಗಲಿ ಇಲ್ಲದಿದ್ದರೆ, ಬಂದ ವಿದ್ಯಾರ್ಥಿ ಶಿಕ್ಷಕರು ರಜೆಯಲ್ಲಿರುವವರ ಜಾಗ ತುಂಬುವವರಾಗುತ್ತಾರೆ. ಹೊಸಬರಿಗೆ ಮೊದಲ ವರ್ಷ ಅರ್ಧದಷ್ಟು ತರಗತಿಗಳು, ಅದೇ ಶಾಲೆಯ ಅನುಭವಿಯೊಬ್ಬರ ಜೊತೆ ವಾರಕ್ಕೊಮ್ಮೆ ಪರಸ್ಪರರ ಪಾಠ ನೋಡುವ ಅವಕಾಶ, ಆ ಅನುಭವಿಗೆ ಕೆಲಸದ ಹೊರೆಯಲ್ಲಿ ವಿನಾಯಿತಿ. ಇಷ್ಟಾದರೂ 1904ರ ಆ ಆತಂಕಕ್ಕೆ ಉತ್ತರ ಕೊಟ್ಟಂತಾಗುತ್ತದೆ. ಇದಕ್ಕೆ ಹಣ ಬೇಕು, ಹೆಚ್ಚು ಶಿಕ್ಷಕರು ಬೇಕು. ಅದನ್ನು ಉಳಿಸಲು ಹೊರಟರೆ ಆ ವೆಚ್ಚವನ್ನು ಭರಿಸುವವರು, ಹೊಸ ಶಿಕ್ಷಕರು ತಾವಾಗಿಯೇ ಎಡವಿ ಕಲಿಯುವ ಮೊದಲ ಮೂರು ನಾಲ್ಕು ವರ್ಷ ಅವರ ಮುಂದೆ ಕುಳಿತ ಮಕ್ಕಳು. ಅವರಿಗೆ ಮೂರನೆಯ ತರಗತಿ ಒಂದೇ ಸಲ ಬರುತ್ತದೆ.